ಸುರ್ಕಿ, ಶೆಡ್ಡಿನ ನೆಲ ಮತ್ತು ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಕಾಲೇಜಿನಲ್ಲಿ ಒಂದು ಫೋಟೊ ಕಪಾಟಿನಿಂದ ಹೊರಗೆ ಬರುತ್ತದೆ. ಮೈಸೂರು ಪೇಟ, ಕೋಟು, ನೆಟ್ಟಗೆ ನಿಂತ ದೇಹ. ಹಾರ ಹಾಕ್ತೀವಿ, ಭಾಷಣ ಕೇಳ್ತೀವಿ, ಕ್ಲಾಸಿಗೆ ವಾಪಸ್ ಹೋಗ್ತೀವಿ. ಹೋದ ಸೆಪ್ಟೆಂಬರಿನಲ್ಲಿ ಕನ್ನಡ ಸಂಘದವರು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಏನಾದರೂ ಬರೀರಿ ಅಂತ ನಮ್ಮ ಮೇಲೆ ಹೊರಿಸಿದರು. ನಾವು ಅಂದ್ರೆ ಒಂದೇ ಬೆಂಚಿನ ನಾಲ್ಕು ಜನ, ಸಿವಿಲ್ ಎರಡನೇ ವರ್ಷ. ಒಬ್ಬ ಗದಗ-ಬೆಟಗೇರಿಯವನು, ಒಬ್ಬಳು ಲಕ್ಷ್ಮೇಶ್ವರದವಳು, ಒಬ್ಬ ಶಿರಹಟ್ಟಿ, ಇನ್ನೊಬ್ಬ ಮುಂಡರಗಿ. ನಾಲ್ವರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ರಿ.

ಅದೇ ವಾರ ಬೆಟಗೇರಿಯಿಂದ ಫೋನ್ ಬಂತು. ಮನೆಯ ಗಾಡಿ ಶೆಡ್ಡಿನ ನೆಲಕ್ಕೆ ಹೊಡೆಸಿದ್ದ ಎಪಾಕ್ಸಿ ಬಣ್ಣ ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂದಿತ್ತು. ಶೆಡ್ಡು 12 ಅಡಿ ಅಗಲ, 20 ಅಡಿ ಉದ್ದ. ಮುಂದಿನ ಅರ್ಧದಲ್ಲಿ ಗಾಡಿ, ಹಿಂದಿನ ಅರ್ಧದಲ್ಲಿ ನೂಲಿನ ಚೀಲ ಮತ್ತು ನೇಯ್ದಿಟ್ಟ ಸೀರೆಗಳ ಗಂಟು. ಕಾಂಕ್ರೀಟಿನ ನೆಲ ಬೂದಿ ಬೂದಿಯಾಗಿ ಧೂಳು ಬಿಡುತ್ತಿತ್ತು. ಆ ಧೂಳು ಬಿಳಿ ನೂಲಿಗೆ ಕೂತರೆ ಸೀರೆಗೆ ಸಿಗೋ ರೇಟೇ ಬಿದ್ದು ಹೋಗುತ್ತದೆ. ಅದಕ್ಕೇ 18,000 ರೂಪಾಯಿ ಕೊಟ್ಟು ಬಣ್ಣ ಹೊಡೆಸಿದ್ದರು. ಮಗಳ ಕಾಲೇಜಿನ ಫೀಗೆ ಅಂತ ಕೂಡಿಸಿದ ದುಡ್ಡು ಅದು. ಈಗ ಧೂಳಿನ ಜೊತೆ ಬಣ್ಣದ ಚಕ್ಕೆಯೂ ಸೇರಿತು. ನೀವೇನೋ ಎಂಜಿನಿಯರಿಂಗ್ ಓದ್ತೀರಂತಲ್ಲ, ಈ ಸಲ ಯಾವುದು ಹೊಡೆಸೋದು ಹೇಳ್ರಿ ಅಂತ ಕಾಕಾ ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ.

ಹೀಗಾಗಿ ಸಂಜೆ ಲೈಬ್ರರಿಯಲ್ಲಿ ಎಂ.ವಿ.ಯವರ ಜೀವನ, ರಾತ್ರಿ ಹಾಸ್ಟೆಲಿನಲ್ಲಿ ನೆಲದ ಬಣ್ಣ, ಎರಡನ್ನೂ ಒಟ್ಟಿಗೆ ಓದತೊಡಗಿದೆವು. ಎರಡೂ ಒಂದೇ ಪಾಠ ಆದದ್ದು ಹೇಗೆ ಅನ್ನೋದೇ ಈ ಲೇಖನ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗನಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಖರ್ಚು ನೋಡಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕು ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಹೋದರು. 1883ರಲ್ಲಿ ಸಿವಿಲ್ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆದರು.

ಇಲ್ಲಿ ನಮ್ಮ ಊರುಗಳ ಮಾತು ಒಂಚೂರು. ಆಗ ಗದಗ ಮತ್ತು ಮುಂಡರಗಿ ಧಾರವಾಡ ಜಿಲ್ಲೆಗೆ ಸೇರಿ ಅದೇ ಮುಂಬಯಿ ಸರ್ಕಾರದ ಕೆಳಗಿದ್ದವು. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು. ಮೈಸೂರು ನಮಗೆ ಬೇರೆಯೇ ರಾಜ್ಯ. ಅದಕ್ಕೇ ನಮ್ಮ ಕಡೆ ಹಳೆ ಮಂದಿ ಎಂ.ವಿ. ಅಂದರೆ ಮೈಸೂರಿನವರು ಅಂತಾರೆ. ಆದರೆ ಅವರು ದುಡಿಯೋ ವಯಸ್ಸಿನ ಮೊದಲ 24 ವರ್ಷ ಕಳೆದದ್ದು ನಮ್ಮನ್ನು ಆಳುತ್ತಿದ್ದ ಸರ್ಕಾರದ ನೌಕರಿಯಲ್ಲಿ. ಇದು ನಮಗೆ ಮೊದಲು ಗೊತ್ತಿರಲಿಲ್ಲ.

ಆ ನೌಕರಿಯಲ್ಲಿ ಅವರಿಗೆ ಹೆಸರು ತಂದ ಕೆಲಸಗಳಲ್ಲಿ ಒಂದು ಸಕ್ಕರ್ ಪಟ್ಟಣದ್ದು. ಸಕ್ಕರ್ ಇರೋದು ಸಿಂಧೂ ನದಿಯ ದಂಡೆಯಲ್ಲಿ, ಈಗಿನ ಪಾಕಿಸ್ತಾನದಲ್ಲಿ. 1894ರ ಹೊತ್ತಿಗೆ ಅಲ್ಲಿಗೆ ಕುಡಿಯುವ ನೀರಿನ ಯೋಜನೆ ಮಾಡಬೇಕಿತ್ತು. ನದಿ ತುಂಬ ನೀರು, ಆದರೆ ಬರೀ ರಾಡಿ. ನೀರು ಸೋಸೋ ದೊಡ್ಡ ತೊಟ್ಟಿ ಕಟ್ಟಲು ಪುರಸಭೆಯ ಹತ್ತಿರ ದುಡ್ಡಿಲ್ಲ. ಎಂ.ವಿ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ನೀರು ತಳದ ಮರಳಿನಲ್ಲಿ ಇಳಿದು, ಸೋಸಿಕೊಂಡು ಬಾವಿಗೆ ಬಂತು. ಅಲ್ಲಿಂದ ಪಂಪಿನಿಂದ ಮೇಲಕ್ಕೆ. ಎಲ್ಲರೂ ಮೇಲಿನ ರಾಡಿ ನೋಡ್ತಿದ್ದಾಗ ಅವರು ಕೆಳಗಿನ ಮರಳು ನೋಡಿದ್ದರು.

ಅದನ್ನು ಓದಿದ ರಾತ್ರಿಯೇ ನಮಗೂ ಒಂದು ಪ್ರಶ್ನೆ ಬಂತು. ಬೆಟಗೇರಿಯ ಶೆಡ್ಡಿನ ನೆಲದ ಕೆಳಗೆ ಏನಿದೆ? ಬಣ್ಣ ಹೊಡೆದವರೂ ಕೇಳಿರಲಿಲ್ಲ, ಹೊಡೆಸಿದವರೂ ಕೇಳಿರಲಿಲ್ಲ. ನಾವೂ ಅಷ್ಟೊತ್ತಿಗೆ ಮೂರು ದಿನದಿಂದ ಫೋನಿನಲ್ಲಿ ಡಬ್ಬಿಗಳ ರೇಟು ಮಾತ್ರ ನೋಡ್ತಿದ್ದೆವು.

ದಸರಾ ರಜೆಗೆ ನಾಲ್ವರೂ ಬೆಟಗೇರಿಗೆ ಹೋದೆವು. ಮಾಡಿದ ಟೆಸ್ಟು ಬಹಳ ಸಾದಾ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒಂದೂವರೆ ಅಡಿಯ ಚೌಕವಾಗಿ ಕತ್ತರಿಸಿ, ಬಣ್ಣ ಕೆರೆದು ತೆಗೆದ ನೆಲದ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಹಚ್ಚಿದೆವು. ಮೂರು ಕಡೆ ಹೀಗೆ ಮಾಡಿ ರಾತ್ರಿಯೆಲ್ಲ ಬಿಟ್ಟೆವು. ಬೆಳಿಗ್ಗೆ ಬಾಗಿಲ ಹತ್ತಿರದ ಹಾಳೆ ಒಣಗಿತ್ತು. ನಡುವಿನದರ ಕೆಳಗೆ ನೆಲ ಸ್ವಲ್ಪ ಕಪ್ಪಾಗಿತ್ತು. ಹಿಂದಿನ ಗೋಡೆ ಬದಿಯ ಹಾಳೆಯ ಒಳಮೈ ತುಂಬ ನೀರಿನ ಹನಿ.

ಮುಂಡರಗಿಯವನಿಗೆ ತಕ್ಷಣ ಹೊಳೆಯಿತು. ಅವನದು ಎರಿ ಹೊಲದ ಮನೆತನ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಕುಡಿದ ನೀರನ್ನು ಬೇಗ ಬಿಡೋದೂ ಇಲ್ಲ. ಶೆಡ್ಡಿನ ಹಿಂದೆ ಹೋಗಿ ನೋಡಿದರೆ ಬಚ್ಚಲ ನೀರು ಗೋಡೆಗೆ ಹತ್ತಿಕೊಂಡೇ ಒಂದು ಗುಂಡಿಗೆ ಹೋಗುತ್ತಿತ್ತು. ನೆಲ ಹಾಕುವಾಗ ಕಾಂಕ್ರೀಟಿನ ಕೆಳಗೆ ಪ್ಲಾಸ್ಟಿಕ್ ಹಾಳೆಯನ್ನೂ ಹಾಸಿರಲಿಲ್ಲ. ಅಂದರೆ ಮಣ್ಣಿನ ತೇವ ಆವಿಯಾಗಿ ನೆಲದ ಮೂಲಕ ಮೇಲೆ ಬರ್ತಾ ಇತ್ತು. ಎಪಾಕ್ಸಿ ಒಂದು ಬಿಗಿ ಪದರ, ಆವಿಗೆ ದಾರಿ ಕೊಡೋದಿಲ್ಲ. ದಾರಿ ಸಿಗದ ತೇವ ಬಣ್ಣವನ್ನೇ ಎತ್ತಿ ಎಸೆದಿತ್ತು. ತಪ್ಪು ಡಬ್ಬಿಯದ್ದಲ್ಲ.

ಎಂ.ವಿ.ಯವರ ಕಡೆ ವಾಪಸ್ ಬರೋಣ. 1899ರಲ್ಲಿ ಅವರು ದಖ್ಖನದ ಕಾಲುವೆಗಳಿಗೆ ಬ್ಲಾಕ್ ಪದ್ಧತಿ ಅಂತ ನೀರು ಹಂಚುವ ಒಂದು ಕ್ರಮ ತಂದರು. ನೀರನ್ನು ಒಂದೇ ಕಡೆ ಸುರಿಯದೆ, ಬ್ಲಾಕ್ ಬ್ಲಾಕಾಗಿ ಸರದಿಯಿಂದ ಬೆಳೆ ಬದಲಿಸಿ ಹೆಚ್ಚು ಊರುಗಳಿಗೆ ಮುಟ್ಟಿಸುವುದು ಅದರ ಉದ್ದೇಶ. 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಕೆರೆಗೆ ತಾವೇ ಯೋಚಿಸಿದ ಸ್ವಯಂಚಾಲಿತ ಬಾಗಿಲು ಕೂರಿಸಿದರು. ನೀರು ಒಂದು ಮಟ್ಟ ಮುಟ್ಟಿದಾಗ ಬಾಗಿಲು ತಾನೇ ತೆರೆಯುತ್ತದೆ, ಪ್ರವಾಹ ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಲು ಬಂತು. 1906ರಲ್ಲಿ ಏಡನ್ ಬಂದರಿಗೆ ಹೋಗಿ ಅಲ್ಲಿಯ ನೀರು, ಚರಂಡಿ ನೋಡಿ ವರದಿ ಕೊಟ್ಟರು. 1908ರಲ್ಲಿ ಮುಂಬಯಿ ನೌಕರಿ ಬಿಟ್ಟರು. ಅದೇ ವರ್ಷ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿತು. ನಿಜಾಮರ ಸರ್ಕಾರ ಇವರನ್ನು ಕರೆಸಿತು. ಊರಿನೊಳಗೆ ಗೋಡೆ ಎತ್ತರಿಸಿದರೆ ಸಾಲದು, ಪ್ರವಾಹವನ್ನು ಮೇಲ್ಗಡೆಯೇ ತಡೆಯುವ ಜಲಾಶಯ ಬೇಕು ಅಂತ ಅವರು ಹೇಳಿದರು. ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕಟ್ಟಿದ್ದು ಹಾಗೆ.

ನಮಗೆ ಬಚ್ಚಲ ನೀರು ನೆನಪಾಯಿತು. ನೀರನ್ನು ಬರೋ ದಾರಿಯಲ್ಲೇ ತಡೀಬೇಕು, ಬಂದ ಮೇಲೆ ಬಣ್ಣದಿಂದಲ್ಲ. ಗೌಂಡಿ ಕರೆಸಿ, ಪೈಪ್ ಹಾಕಿಸಿ, ಆ ನೀರನ್ನು ಗೋಡೆಯಿಂದ ದೂರದ ಚರಂಡಿಗೆ ಒಯ್ದೆವು. ಗೋಡೆಯ ಬುಡಕ್ಕೆ ಹೊರಗಿನಿಂದ ಇಳಿಜಾರಾಗಿ ಗಿಲಾವು ಮಾಡಿಸಿದೆವು. ಅಷ್ಟು ಮಾಡಿ ನೆಲ ಒಣಗಲು ಬಿಟ್ಟೆವು.

1909ರ ಕೊನೆಗೆ ಎಂ.ವಿ. ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟುವ ಕೆಲಸ 1911ರಲ್ಲಿ ಶುರುವಾಯಿತು. ಕೃಷ್ಣರಾಜ ಸಾಗರ ಪೂರ್ತಿ ಆಗೋ ಹೊತ್ತಿಗೆ ಇಪ್ಪತ್ತು ವರ್ಷ ಹಿಡಿಯಿತು. ಬೇರೆ ಎಂಜಿನಿಯರುಗಳ, ಸಾವಿರಾರು ಕೂಲಿ ಮಂದಿಯ ಬೆವರು, ಮುಳುಗಿದ ಊರುಗಳವರ ಹೊಲ ಮನೆ ಅದರಲ್ಲಿವೆ. ಅದನ್ನು ಮರೆತು ಒಬ್ಬರ ಹೆಸರಷ್ಟೇ ಹೇಳೋದು ಸರಿಯಲ್ಲ.

ಆ ಕಟ್ಟಡದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಗಾರೆ. ಈಗ ಅಣೆಕಟ್ಟು ಅಂದರೆ ನಮ್ಮ ತಲೆಗೆ ಬರೋದು ಸಿಮೆಂಟು. ಆದರೆ ಪೋರಬಂದರಿನ ಕಾರ್ಖಾನೆಯಲ್ಲಿ ಸಿಮೆಂಟ್ ತಯಾರಾಗತೊಡಗಿದ್ದೇ 1914ರಲ್ಲಿ. ಅದಕ್ಕೂ ಮೊದಲು ಬಹುಪಾಲು ಸಿಮೆಂಟ್ ಹಡಗಿನಲ್ಲಿ ಬರಬೇಕು, ದುಬಾರಿ. ಕನ್ನಂಬಾಡಿಯಲ್ಲಿ ಕಲ್ಲು ಕೂರಿಸಿದ್ದು ಸುರ್ಕಿ ಗಾರೆಯಲ್ಲಿ. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಸಣ್ಣ ಪುಡಿ. ಅದನ್ನು ಸುಣ್ಣದ ಜೊತೆ ಅರೆದರೆ ಸುರ್ಕಿ ಗಾರೆ. ಇದು ಎಂ.ವಿ. ಕಂಡುಹಿಡಿದದ್ದಲ್ಲ, ನಮ್ಮ ದೇಶದ ಹಳೆ ಕಟ್ಟಡಗಾರರಿಗೆ ಗೊತ್ತಿದ್ದದ್ದೇ. ರೋಮಿನವರು ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ಕಡಲೊಳಗೆ ಬಂದರು ಕಟ್ಟಿದ್ದೂ ಇದೇ ತತ್ವದಿಂದ.

ಬರೀ ಸುಣ್ಣ ಗಾಳಿಯಲ್ಲಿ ಮಾತ್ರ ಗಟ್ಟಿಯಾಗುತ್ತದೆ, ನೀರಿನೊಳಗೆ ಆಗೋದಿಲ್ಲ. ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಸುಣ್ಣದ ಜೊತೆ ಸೇರಿದಾಗ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಅನ್ನೋ ಹೊಸ ಪದಾರ್ಥ ಹುಟ್ಟುತ್ತದೆ. ಕಾಂಕ್ರೀಟ್ ಟೆಕ್ನಾಲಜಿ ಕ್ಲಾಸಿನಲ್ಲಿ ಸಿ-ಎಸ್-ಎಚ್ ಅಂತ ಬಾಯಿಪಾಠ ಮಾಡಿದ್ದೀವಲ್ಲ, ಅದೇ. ಸಿಮೆಂಟಿನ ಶಕ್ತಿಯೂ ಅದರಿಂದಲೇ. ಸುರ್ಕಿ ಗಾರೆ ನಿಧಾನ, ಆದರೆ ನೀರಿನಲ್ಲೂ ಗಟ್ಟಿಯಾಗುತ್ತದೆ. ಅದು ಕಲ್ಲಿನ ಮೇಲೆ ಬಳಿದ ಪದರ ಅಲ್ಲ, ಕಲ್ಲು ಕಲ್ಲಿನ ಸಂದಿಯಲ್ಲಿ ಸೇರಿ ಕಟ್ಟಡದ ಭಾಗವೇ ಆಗಿಬಿಡುತ್ತದೆ.

ಇದನ್ನು ಓದ್ತಾ ಲಕ್ಷ್ಮೇಶ್ವರದವಳು ಪುಸ್ತಕ ಮುಚ್ಚಿ, ಶೆಡ್ಡಿಗೂ ಹಿಂಗೇ ಆಗೋದಾದರೆ ಹೆಂಗ ಅಂದಳು. ಮೇಲೆ ಪದರ ಯಾಕೆ ಬೇಕು, ನೆಲವನ್ನೇ ಗಟ್ಟಿ ಮಾಡಿದರೆ ಆಗದೇ? ಹುಡುಕಿದಾಗ ಗೊತ್ತಾಯಿತು, ಅಂಥದ್ದು ಇದೆ. ಅಂಗಡಿಯಲ್ಲಿ ಡೆನ್ಸಿಫೈಯರ್ ಅಂತಾರೆ. ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟಿನ ನೀರಿನಂಥ ದ್ರಾವಣ. ಸಿಮೆಂಟ್ ಗಟ್ಟಿಯಾಗುವಾಗ ಕಾಂಕ್ರೀಟಿನಲ್ಲಿ ಒಂದಿಷ್ಟು ಸುಣ್ಣ ಸುಮ್ಮನೆ ಉಳಿದಿರುತ್ತದೆ. ದ್ರಾವಣ ರಂಧ್ರಗಳಲ್ಲಿ ಇಳಿದು ಆ ಸುಣ್ಣವನ್ನು ಸಿ-ಎಸ್-ಎಚ್ ಮಾಡುತ್ತದೆ. ಧೂಳು ಏಳೋದು ನಿಲ್ಲುತ್ತದೆ. ಪದರವೇ ಇಲ್ಲ ಅಂದಮೇಲೆ ಏಳೋದು ಏನು? ತೇವದ ಆವಿ ಬಂದರೂ ಅದರ ಪಾಡಿಗೆ ಹೋಗುತ್ತದೆ. ಕನ್ನಂಬಾಡಿಯ ಕೆಮಿಸ್ಟ್ರಿ ಬೆಟಗೇರಿಯ ಶೆಡ್ಡಿಗೆ ಹೀಗೆ ಬಂತು.

ಇನ್ನು ಎಂ.ವಿ. 1912ರಲ್ಲಿ ಮೈಸೂರಿನ ದಿವಾನರಾದರು. ಮುಂದಿನ ಆರು ವರ್ಷದಲ್ಲಿ ಆದ ಕೆಲಸಗಳ ಪಟ್ಟಿ ಉದ್ದ. 1913ರಲ್ಲಿ ಮೈಸೂರು ಬ್ಯಾಂಕು ಮತ್ತು ಪ್ರಾಥಮಿಕ ಶಿಕ್ಷಣದ ಕಾಯಿದೆ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಸಂಘ ಯಾಕೆ ಅಂತ ಕೇಳುವವರಿಗೆ ಈ ಪಟ್ಟಿಯೇ ಉತ್ತರ.

1918ರ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಹಾರ ಹಾಕೋ ದಿನದ ಭಾಷಣದಲ್ಲಿ ಈ ಭಾಗ ಬರೋದಿಲ್ಲ, ಆದರೆ ಬಿಟ್ಟುಬಿಟ್ಟರೆ ಜೀವನ ಅರ್ಧ ಹೇಳಿದ ಹಾಗೆ. ಆಗ ಮೈಸೂರಿನ ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣರೇ ಬಹಳ ಇದ್ದರು. ಉಳಿದ ಸಮುದಾಯಗಳಿಗೂ ಪಾಲು ಬೇಕು ಅನ್ನೋ ಬೇಡಿಕೆ ಜೋರಾಗಿತ್ತು. ಅದನ್ನು ನೋಡಲು ಮಹಾರಾಜರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಎಂ.ವಿ.ಯವರಿಗೆ ಜಾತಿಯ ಆಧಾರದ ಮೇಲೆ ನೌಕರಿ ಕೊಡೋದು ಒಪ್ಪಿಗೆಯಾಗಲಿಲ್ಲ. ಯೋಗ್ಯತೆ ಕುಗ್ಗುತ್ತದೆ, ಮೊದಲು ಶಿಕ್ಷಣ ಹರಡಬೇಕು ಅನ್ನೋದು ಅವರ ನಿಲುವು. ಅಭಿಪ್ರಾಯ ಕೂಡಲಿಲ್ಲ, ಹುದ್ದೆ ಬಿಟ್ಟರು.

ಈ ವಿಷಯಕ್ಕೆ ನಾವು ನಾಲ್ವರೂ ಹಾಸ್ಟೆಲಿನಲ್ಲಿ ರಾತ್ರಿ ಒಂದೂವರೆ ತನಕ ಜಗಳ ಆಡಿದೆವು. ನಮ್ಮಲ್ಲಿ ಇಬ್ಬರು ಮೀಸಲಾತಿಯಿಂದ ಸೀಟು ಪಡೆದವರು. ಕೊನೆಗೆ ಒಂದು ಮಾತಿಗೆ ಬಂದು ನಿಂತೆವು. ಶಿಕ್ಷಣ ಮೊದಲು ಅಂದದ್ದು ನಿಜ, ಅದಕ್ಕಾಗಿ ಅವರು ಶಾಲೆಗಳನ್ನೂ ತೆರೆಸಿದರು. ಆದರೆ ಪರೀಕ್ಷೆಯ ಅಂಕ ಮೇಲಿನ ಪದರ. ಅದರ ಕೆಳಗಿನ ನೆಲ ಎಲ್ಲರದೂ ಒಂದೇ ಮಟ್ಟದಲ್ಲಿ ಇರಲಿಲ್ಲ. ಸಕ್ಕರಿನಲ್ಲಿ ನದಿಯ ತಳ ನೋಡಿದ ಕಣ್ಣು ಇಲ್ಲಿ ಅಷ್ಟು ಕೆಳಗೆ ನೋಡಲಿಲ್ಲ ಅಂತ ನಮಗೆ ಅನಿಸುತ್ತದೆ. ಹೀಗೆ ಹೇಳೋದಕ್ಕೆ ನಮಗೆ ಧೈರ್ಯ ಬಂದದ್ದೂ ಅವರ ಕೆಲಸ ಓದಿದ ಮೇಲೆಯೇ.

ಹುದ್ದೆ ಹೋದರೂ ಕೆಲಸ ನಿಲ್ಲಲಿಲ್ಲ. 1923ರಿಂದ 1929ರ ತನಕ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಗೆ ಅಧ್ಯಕ್ಷರಾಗಿ ಅದನ್ನು ನಷ್ಟದಿಂದ ಎತ್ತಿದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಅಂತ ಪುಸ್ತಕ ಬರೆದರು. 1951ರಲ್ಲಿ ತಮ್ಮ ದುಡಿಮೆಯ ನೆನಪುಗಳನ್ನು ಪ್ರಕಟಿಸಿದರು. 1955ರಲ್ಲಿ ಭಾರತ ರತ್ನ ಬಂತು. ನೂರು ದಾಟಿ, 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲಿದೆ.

ಈಗ ಶೆಡ್ಡಿನ ಕತೆ ಮುಗಿಸ್ತೀವಿ, ನಿಮ್ಮ ಮನೆಯಲ್ಲೂ ಯಾರಾದರೂ ಕೇಳಬಹುದು.

ಎನಾಮೆಲ್ ಬಣ್ಣ ಅಗ್ಗ, ಆದರೆ ಕಾಂಕ್ರೀಟಿನ ಕ್ಷಾರಕ್ಕೆ ಅದರ ಎಣ್ಣೆ ಸಾಬೂನಿನ ಹಾಗೆ ಆಗಿ ಕಿತ್ತುಬರುತ್ತದೆ. ನೆಲಕ್ಕೆ ಬೇಡ. ಎಪಾಕ್ಸಿ ಗಟ್ಟಿ, ಆಯಿಲ್ ಬಿದ್ದರೆ ಒರೆಸಿದರೆ ಸಾಕು. ಆದರೆ ನೆಲ ಒಣಗಿರಬೇಕು, ಹೊಸ ಕಾಂಕ್ರೀಟ್ ಆದರೆ ಕಡಿಮೆ ಅಂದರೂ 28 ದಿನ ಕಾಯಬೇಕು, ಮೇಲ್ಮೈಯನ್ನು ಮಶೀನಿನಿಂದ ಉಜ್ಜಿ ತರಿತರಿ ಮಾಡಬೇಕು. ಇದರಲ್ಲಿ ಒಂದು ತಪ್ಪಿದರೂ ಬಿಸಿ ಟೈರಿಗೆ ಅಂಟಿಕೊಂಡು ಏಳುತ್ತದೆ. ಬಿಸಿಲು ಬೀಳೋ ಕಡೆ ಹಳದಿಯಾಗುತ್ತದೆ. ಬಿಸಿಲಿಗೆ ಪಾಲಿಯುರೆಥೇನ್ ಮೇಲು, ಆದರೆ ಖರ್ಚು ಹೆಚ್ಚು, ಮತ್ತು ತೇವ ಇದ್ದರೆ ಅದೂ ಏಳೋದೇ. ಶಿರಹಟ್ಟಿಯವನು ಕೊನೆ ತನಕ ಶಹಾಬಾದ್ ಫರಸಿ ಹಾಸೋಣ ಅಂತಿದ್ದ. ಅದು ತಪ್ಪಲ್ಲ, ಅವರ ಮನೆಯಲ್ಲಿ ಅಜ್ಜನ ಕಾಲದ ಫರಸಿ ಇನ್ನೂ ಇದೆ. ಆದರೆ ಎರಿ ಮಣ್ಣು ಉಬ್ಬಿ ಇಳಿಯೋ ಜಾಗದಲ್ಲಿ ಗಾಡಿಯ ಭಾರಕ್ಕೆ ಫರಸಿ ಬಿರಿಯಬಾರದು ಅಂದರೆ ಕೆಳಗಿನ ಹಾಸು ಬಹಳ ಗಟ್ಟಿ ಇರಬೇಕು.

ದೀಪಾವಳಿಗೆ ಹೋಗಿ ಮತ್ತೆ ಪ್ಲಾಸ್ಟಿಕ್ ಹಾಳೆ ಹಚ್ಚಿದೆವು. ಹಿಂದಿನ ಗೋಡೆ ಬದಿ ಹನಿ ಇರಲಿಲ್ಲ, ನೆಲ ಸ್ವಲ್ಪ ಕಪ್ಪು ಅಷ್ಟೇ. ಪೂರ್ತಿ ಒಣಗಿಲ್ಲ ಅಂದಮೇಲೆ ಎಪಾಕ್ಸಿಯ ಮಾತು ಅಲ್ಲಿಗೇ ಮುಗಿಯಿತು. ಬಾಡಿಗೆ ಮಶೀನಿನಿಂದ ಉಳಿದ ಬಣ್ಣ ಮತ್ತು ಮೇಲಿನ ಪುಡಿ ಪದರ ಉಜ್ಜಿ ತೆಗೆದೆವು. ಬಿರುಕು ತುಂಬಿದೆವು. ನೆಲ ತೊಳೆದು ಒಣಗಿಸಿ ಸಿಲಿಕೇಟ್ ದ್ರಾವಣವನ್ನು ಎರಡು ಸಲ ಹೊಡೆದು, ಹೆಚ್ಚಾದದ್ದು ಬಿಳಿ ಕಲೆ ಆಗದ ಹಾಗೆ ಒರೆಸಿದೆವು. ಕೆಲಸ ನಾವೇ ಮಾಡಿದ್ದಕ್ಕೆ ಎಲ್ಲ ಸೇರಿ ಹಿಂದಿನ ಬಣ್ಣದ ಅರ್ಧ ಖರ್ಚೂ ಆಗಲಿಲ್ಲ. ಒಂದು ಕೊರತೆ ಇದೆ. ಆಯಿಲ್ ಬಿದ್ದರೆ ಕಲೆ ಉಳಿಯುತ್ತದೆ. ಅದಕ್ಕೆ ಎಂಜಿನ್ನಿನ ಕೆಳಗೆ ಒಂದು ಹಳೆ ತಗಡಿನ ತಟ್ಟೆ ಇಟ್ಟಿದ್ದೇವೆ.

ನೆಲ ಮಿಂಚೋದಿಲ್ಲ. ಬೂದು ಬಣ್ಣದ ಸಾದಾ ಕಾಂಕ್ರೀಟಿನ ಹಾಗೇ ಕಾಣುತ್ತದೆ. ಮೊದಲ ದಿನ ಕಾಕಾ ಅದನ್ನು ನೋಡಿ, ಏನೂ ಹಚ್ಚಿಲ್ಲೇನು ಅಂತ ಅನುಮಾನ ಪಟ್ಟರು. ಮೊನ್ನೆ ಫೋನ್ ಮಾಡಿದಾಗ ಬಿಳಿ ನೂಲಿನ ಚೀಲಗಳನ್ನು ಶೆಡ್ಡಿನಲ್ಲಿ ಬಾಯಿ ಬಿಚ್ಚಿಯೇ ಇಟ್ಟಿದ್ದೇವೆ ಅಂದರು. ಈ ಮಳೆಗಾಲ ದಾಟಿದ ಮೇಲೆ ಇನ್ನೊಮ್ಮೆ ಪ್ಲಾಸ್ಟಿಕ್ ಹಾಳೆ ತಗೊಂಡು ಬೆಟಗೇರಿಗೆ ಹೋಗ್ತೀವಿ.